ಅಡ್ಡ ಬಿದ್ದ ಚಿತ್ರ: ಹಳೆಯ 3ಡಿಎಸ್‌ಗೆ ವಿಡಿಯೊ ಹರಿಸಿದ ಕೆಲಸದ ದಿನಚರಿ

ಅಣ್ಣನ ಮಗ ತನ್ನ ಹಳೆಯ ನಿಂಟೆಂಡೊ 3ಡಿಎಸ್ ಎಕ್ಸ್‌ಎಲ್, ಅಂದ್ರೆ ಕೈಯಲ್ಲಿ ಹಿಡಿದು ಆಡುವ ಎರಡು ತೆರೆಯ ಆಟದ ಯಂತ್ರ, ತಂದು ನನ್ನ ಮೇಜಿನ ಮೇಲಿಟ್ಟ. "ಚಿಕ್ಕಪ್ಪ, ಇದ್ರಲ್ಲಿ ಮೊದ್ಲು ಯೂಟ್ಯೂಬ್ ಬರ್ತಿತ್ತಂತೆ. ಈಗ ಯಾಕೆ ಬರಲ್ಲ?" ಅಂದ.

ಕಾರಣ ಸುಲಭ. ಇದರ ಅಧಿಕೃತ ಯೂಟ್ಯೂಬ್ ಅಪ್ಲಿಕೇಶನ್ 2019ರ ಸೆಪ್ಟೆಂಬರ್‌ನಲ್ಲೇ ನಿಂತುಹೋಯಿತು. ಆಟ ಕೊಳ್ಳುವ ಈಶಾಪ್ 2023ರ ಮಾರ್ಚ್‌ನಲ್ಲಿ ಮುಚ್ಚಿತು. ಆನ್‌ಲೈನ್ ಆಟ 2024ರ ಏಪ್ರಿಲ್‌ಗೆ ಮುಗಿಯಿತು. ಕಂಪನಿ ಕೈಬಿಟ್ಟ ಮೇಲೆ ಉಳಿಯುವುದು ಹೋಮ್‌ಬ್ರೂ ಮಾತ್ರ. ಅಂದ್ರೆ ಹವ್ಯಾಸಿಗಳೇ ಬರೆದ ತಂತ್ರಾಂಶ. ಒಂದು ಸಂಜೆಯ ಕೆಲಸ ಅಂದುಕೊಂಡು ಕೈ ಹಾಕಿದೆ. ಮೂರು ವಾರ ಹಿಡಿಯಿತು. ಅದರಲ್ಲಿ ಒಂದು ವಾರದ ತಪ್ಪು ಪೂರ್ತಿ ನನ್ನದೇ.

ಕೈಗೆ ಬಂದದ್ದು 2012ರ ಮಾದರಿ. ಇದರ ಯೋಗ್ಯತೆ ಮೊದಲೇ ಹೇಳಿಬಿಡುತ್ತೇನೆ, ಮುಂದಿನ ಎಲ್ಲ ತೊಂದರೆಯ ಬೇರು ಅಲ್ಲೇ ಇದೆ. 268 ಮೆಗಾಹರ್ಟ್ಸ್‌ನ ಆರ್ಮ್11 ಪ್ರೊಸೆಸರ್, ಎರಡು ಕೋರ್. ಅದರಲ್ಲಿ ಒಂದನ್ನು ಬಹುಪಾಲು ಸಿಸ್ಟಮ್ಮೇ ಇಟ್ಟುಕೊಳ್ಳುತ್ತದೆ. ಮೆಮೊರಿ 128 ಎಂಬಿ. ಮೇಲಿನ ತೆರೆಯಲ್ಲಿ ಒಂದು ಕಣ್ಣಿಗೆ 400×240 ಪಿಕ್ಸೆಲ್, ಕೆಳಗಿನದರಲ್ಲಿ 320×240. ವೈ-ಫೈ ಹಳೆಯ ಬಿ ಮತ್ತು ಜಿ ಮಾತ್ರ, ಅದೂ 2.4 ಗಿಗಾಹರ್ಟ್ಸ್‌ನಲ್ಲಿ. 2014ರಲ್ಲಿ ಬಂದ ನ್ಯೂ 3ಡಿಎಸ್ ಆಗಿದ್ದರೆ ನಾಲ್ಕು ಕೋರ್, 804 ಮೆಗಾಹರ್ಟ್ಸ್, 256 ಎಂಬಿ ಮೆಮೊರಿ, ಮೇಲಾಗಿ ಎಚ್.264 ವಿಧಾನದಲ್ಲಿ ಅದುಮಿದ ವಿಡಿಯೊ ಬಿಡಿಸಲು ಬೇರೆ ಯಂತ್ರಾಂಶವೇ ಇರುತ್ತಿತ್ತು. ಹೆಸರಿನಲ್ಲಿ ಒಂದು 'ನ್ಯೂ' ಸೇರಿದ್ದಕ್ಕೆ ಇಷ್ಟು ವ್ಯತ್ಯಾಸ!

ಕಾರ್ಡಿನ ಗಲಾಟೆ

ಹಳೆಯ 3ಡಿಎಸ್‌ಗೆ ಪೂರ್ಣ ಗಾತ್ರದ ಎಸ್‌ಡಿ ಕಾರ್ಡ್ ಬೇಕು. ಅಡಾಪ್ಟರ್‌ನಲ್ಲಿ ಮೈಕ್ರೊ ಎಸ್‌ಡಿ ಹಾಕಿದರೂ ನಡೆಯುತ್ತದೆ. ನನ್ನ ಹತ್ತಿರ 64 ಜಿಬಿಯ ಹೊಸ ಕಾರ್ಡ್ ಇತ್ತು. 32 ಜಿಬಿ ಮೀರಿದ ಕಾರ್ಡುಗಳು ಸಾಮಾನ್ಯವಾಗಿ ಎಕ್ಸ್‌ಫ್ಯಾಟ್ ಫಾರ್ಮ್ಯಾಟ್‌ನಲ್ಲಿ ಬರುತ್ತವೆ, 3ಡಿಎಸ್‌ಗೆ ಅದು ಓದಲು ಬರುವುದಿಲ್ಲ. ಫ್ಯಾಟ್32ಗೆ ಬದಲಿಸಿದೆ. ಕಾರ್ಡ್ ಕಾಣಿಸಿತು, ಖುಷಿಯಾಯಿತು.

ಫೈಲ್ ಹಾಕುತ್ತಾ ಹೋದ ಹಾಗೆ ಹಿಂದೆ ಹಾಕಿದವು ಕೆಡತೊಡಗಿದವು. ಆಗ ಎಫ್3 ಅನ್ನುವ ಪರೀಕ್ಷೆ ಓಡಿಸಿದೆ. ಅದು ಕಾರ್ಡಿನ ತುಂಬ ಬರೆದು, ಮತ್ತೆ ಓದಿ, ತಾಳೆ ನೋಡುತ್ತದೆ. 64 ಅಂತ ಅಚ್ಚು ಹಾಕಿದ ಕಾರ್ಡಿನೊಳಗೆ ನಿಜವಾಗಿ ಇದ್ದದ್ದು 8 ಜಿಬಿಗೂ ಕಡಿಮೆ. ಈ ಪರೀಕ್ಷೆಯನ್ನು ಎಲ್ಲಕ್ಕಿಂತ ಮೊದಲೇ ಮಾಡಬೇಕಿತ್ತು. ಯಾಕಂದ್ರೆ ಮುಂದಿನ ಹಂತದಲ್ಲಿ ಇದೇ ಕಾರ್ಡಿನ ಮೇಲೆ ಯಂತ್ರದ ಒಳಮೆಮೊರಿಯ ನಕಲು ಕೂರಬೇಕು. ಆ ನಕಲೇ ಹಾಳಾಗಿದ್ದರೆ ಅದು ಇದ್ದೂ ಇಲ್ಲದ ಹಾಗೆ. ಹಳೆಯ ಕ್ಯಾಮೆರಾದಿಂದ 32 ಜಿಬಿಯ ಕಾರ್ಡ್ ಕಿತ್ತು ಇಲ್ಲಿಗೆ ಹಾಕಿದೆ. ಅದು ಪರೀಕ್ಷೆಯಲ್ಲಿ ಪಾಸಾಯಿತು.

ಬಾಗಿಲು ತೆರೆಯುವುದು

ಯಂತ್ರದಲ್ಲಿದ್ದದ್ದು 11.17 ಸಿಸ್ಟಮ್ ಆವೃತ್ತಿ. ಹೋಮ್‌ಬ್ರೂ ಓಡಬೇಕಾದರೆ ಅದರ ಬೀಗ ತೆಗೆಯಬೇಕು, ಅದಕ್ಕೆ ಎಂಸೆಟ್9 ಅನ್ನುವ ದಾರಿ ಇದೆ. ಎಸ್‌ಡಿ ಕಾರ್ಡಿನ 'ನಿಂಟೆಂಡೊ 3ಡಿಎಸ್' ಫೋಲ್ಡರ್‌ನ ಒಳಗಿರುವ ಉದ್ದ ಹೆಸರಿನ ಫೋಲ್ಡರ್ ಜೊತೆ ಆಟವಾಡಿ, ಸಿಸ್ಟಮ್ ಸೆಟ್ಟಿಂಗ್ಸ್ ಅನ್ನೇ ದಾರಿ ತಪ್ಪಿಸುವ ಉಪಾಯ ಇದು. ಕಂಪ್ಯೂಟರಿನಲ್ಲಿ ಒಂದು ಸ್ಕ್ರಿಪ್ಟ್ ಓಡಿಸಬೇಕು.

ಸ್ಕ್ರಿಪ್ಟ್ ಮೊದಲ ಸಲವೇ ಮುಖ ಸಿಂಡರಿಸಿತು. ಶೀರ್ಷಿಕೆಗಳ ದತ್ತಾಂಶ ಫೈಲ್ ಇಲ್ಲ, ಮೀ ಮೇಕರ್‌ನ (ಗೊಂಬೆ ಮುಖ ಮಾಡುವ ಅಪ್ಲಿಕೇಶನ್) ಮಾಹಿತಿಯೂ ಇಲ್ಲ ಅಂತ. ಈ ಯಂತ್ರಕ್ಕೆ ಹೊಸ ಕಾರ್ಡ್ ಅಲ್ವಾ, ಹೇಗೆ ಇರುತ್ತದೆ? ಮೀ ಮೇಕರ್ ಒಂದು ಸಲ ತೆರೆದು ಮುಚ್ಚಿದೆ. ಡೇಟಾ ಮ್ಯಾನೇಜ್‌ಮೆಂಟ್‌ನಲ್ಲಿ ಸಾಫ್ಟ್‌ವೇರ್ ಅನ್ನುವಲ್ಲಿಗೆ ಹೋಗಿ ರೀಸೆಟ್ ಕೊಟ್ಟೆ. ಆಮೇಲೆ ಸರಿಹೋಯಿತು.

ನಂತರದ ಹೆಜ್ಜೆ ಸ್ವಲ್ಪ ಎದೆ ಡವಗುಟ್ಟಿಸುವಂಥದ್ದು. 'ಎಕ್ಸ್‌ಟ್ರಾ ಡೇಟಾ' ಪರದೆ ತೆರೆದಿಟ್ಟು, ಯಂತ್ರ ಓಡುತ್ತಿರುವಾಗಲೇ ಎಸ್‌ಡಿ ಕಾರ್ಡ್ ಎಳೆಯಬೇಕು. ಯಾವ ಗುಂಡಿಯನ್ನೂ ಮುಟ್ಟಬಾರದು. ಕಾರ್ಡನ್ನು ಕಂಪ್ಯೂಟರಿಗೆ ಹಾಕಿ, ಸ್ಕ್ರಿಪ್ಟ್‌ನಿಂದ ಒಂದು ಫೈಲ್ ಸೇರಿಸಿ, ಮತ್ತೆ ಯಂತ್ರಕ್ಕೆ ಹಾಕಬೇಕು. ಹಾಕಿದ ತಕ್ಷಣ ಪರದೆ ಬದಲಾಗಿ ಸೇಫ್‌ಬಿ9ಎಸ್ ಇನ್‌ಸ್ಟಾಲರ್ ಕಾಣಿಸಿತು. ಅದು ತೋರಿಸಿದ ಗುಂಡಿಗಳನ್ನು ಅದೇ ಸಾಲಿನಲ್ಲಿ ಒತ್ತಿದೆ. ಯಂತ್ರ ಆನ್ ಆಗುವಾಗಲೇ ನಮ್ಮ ತಂತ್ರಾಂಶಕ್ಕೆ ದಾರಿ ಬಿಡುವ ಬೂಟ್9ಸ್ಟ್ರಾಪ್ ಕೂತಿತು. ಅದರ ಮೇಲೆ ಹವ್ಯಾಸಿಗಳು ತಿದ್ದಿದ ಸಿಸ್ಟಮ್ ಲುಮಾ3ಡಿಎಸ್ ಬಂತು. ಕೊನೆಗೆ ಅದೇ ಸ್ಕ್ರಿಪ್ಟ್‌ನಿಂದ ಎಂಸೆಟ್9ರ ಗುರುತು ತೆಗೆಯಬೇಕು. ಇದನ್ನು ಮರೆಯುವವರು ಜಾಸ್ತಿ.

ಬಾಗಿಲು ತೆರೆದ ಮೇಲೆ ಮೊದಲು ಮಾಡಿದ ಕೆಲಸ ಒಳಮೆಮೊರಿಯ ನಕಲು. ಸ್ಟಾರ್ಟ್ ಗುಂಡಿ ಒತ್ತಿ ಹಿಡಿದು ಆನ್ ಮಾಡಿದರೆ ಯಂತ್ರದ ಫೈಲ್‌ಗಳನ್ನು ನೋಡುವ ಗಾಡ್‌ಮೋಡ್9 ಬರುತ್ತದೆ. ಅಲ್ಲಿಂದ ನಕಲು ತೆಗೆದೆ. ಸುಮಾರು 1 ಜಿಬಿ. ಜೊತೆಗೆ ಈ ಯಂತ್ರಕ್ಕಷ್ಟೇ ಸೇರಿದ ಗುರುತುಗಳಿರುವ ಚಿಕ್ಕ ಫೈಲನ್ನೂ ತೆಗೆದಿಟ್ಟೆ. ಎರಡನ್ನೂ ಕಂಪ್ಯೂಟರಿನ ಎರಡು ಬೇರೆ ಡಿಸ್ಕ್‌ಗಳಿಗೆ ಸಾಗಿಸಿದೆ.

ಥರ್ಡ್‌ಟ್ಯೂಬ್ ಜೊತೆ ಒಂದು ವಾರ

3ಡಿಎಸ್‌ನಲ್ಲಿ ಯೂಟ್ಯೂಬ್ ನೋಡಲು ಹವ್ಯಾಸಿಗಳು ಬರೆದದ್ದು ಥರ್ಡ್‌ಟ್ಯೂಬ್. ನಿಜಕ್ಕೂ ಚೆನ್ನಾಗಿ ಮಾಡಿದ್ದಾರೆ. ಹುಡುಕಬಹುದು, ಕಾಮೆಂಟ್ ಓದಬಹುದು, ಚಾನೆಲ್‌ಗಳನ್ನು ಹಿಂಬಾಲಿಸಬಹುದು. ಆ ಪಟ್ಟಿ ಯಂತ್ರದಲ್ಲೇ ಉಳಿಯುವುದರಿಂದ ಖಾತೆಯ ಗುಪ್ತಪದ ಕೊಡುವ ಪ್ರಶ್ನೆ ಬರಲಿಲ್ಲ. ನನಗೆ ಮುಖ್ಯವಾದದ್ದು ಅದೇ. ಯಾರೋ ಎಲ್ಲೋ ತಿದ್ದಿ ಕೊಟ್ಟ ವಿಡಿಯೊ ಅಪ್ಲಿಕೇಶನ್‌ಗೆ, ಅದು ಫೋನಿನಲ್ಲಾಗಲಿ ಇಲ್ಲಾಗಲಿ, ನನ್ನ ಖಾತೆ ಕೊಡುವುದಿಲ್ಲ. ಮೂಲ ಕೋಡ್ ತೆರೆದಿದ್ದರೆ ಅದು ಬೇರೆ ಮಾತು. ಹೊರಗಿನ ಅಪ್ಲಿಕೇಶನ್‌ನಿಂದ ನೋಡುವುದನ್ನು ಇಂಥ ಸೇವೆಗಳ ನಿಯಮಗಳು ಒಪ್ಪುವುದಿಲ್ಲ ಅನ್ನುವುದೂ ತಲೆಯಲ್ಲಿರಲಿ.

144ಪಿ ವಿಡಿಯೊ ಓಡಿತು. ಅದಕ್ಕಿಂತ ಮೇಲೆ ಹೋದರೆ ಈ ಹಳೆಯ ಯಂತ್ರ ಏದುಸಿರು ಬಿಟ್ಟಿತು. ಎಚ್.264 ಬಿಡಿಸುವ ಪೂರ್ತಿ ಭಾರ 268 ಮೆಗಾಹರ್ಟ್ಸ್ ಪ್ರೊಸೆಸರ್ ಮೇಲೆ ಬೀಳುತ್ತದೆ, ಪಾಪ. ಹುಡುಗನಿಗೆ ಅಷ್ಟೇ ಸಾಕಾಗಿತ್ತು. ಆದರೆ ಏಳನೇ ದಿನ ಏನೂ ಓಡಲಿಲ್ಲ. ಹುಡುಕಾಟ ಬರುತ್ತಿತ್ತು, ವಿಡಿಯೊ ಒತ್ತಿದರೆ ದೋಷದ ಸಂದೇಶ.

ಇಂಥ ಅಪ್ಲಿಕೇಶನ್‌ಗಳ ಹಣೆಬರಹ ಇದು. ಸೇವೆಯ ಪುಟ ಹೇಗಿದೆ, ವಿಡಿಯೊ ವಿಳಾಸವನ್ನು ಹೇಗೆ ಮುಚ್ಚಿಟ್ಟಿದ್ದಾರೆ ಅನ್ನುವುದನ್ನು ಹೊರಗಿನಿಂದ ನೋಡಿ ಬರೆದ ಕೋಡ್ ಅದು. ಆ ಕಡೆ ಒಂದು ಸಾಲು ಬದಲಾದರೆ ಈ ಕಡೆ ಎಲ್ಲ ನಿಲ್ಲುತ್ತದೆ. ಯಾರಾದರೂ ಬಿಡುವಿನಲ್ಲಿ ಸರಿಪಡಿಸುವ ತನಕ ಕಾಯಬೇಕು. ಅವರನ್ನು ದೂರಲು ಮನಸ್ಸು ಬರುವುದಿಲ್ಲ, ಸಂಬಳವಿಲ್ಲದ ಕೆಲಸ.

ಕಾಯುವ ಬದಲು ಬೇರೆ ಯೋಚನೆ ಬಂತು. ಹುಡುಗ ಹೆಚ್ಚಾಗಿ ನೋಡುವುದು ನಮ್ಮ ಮನೆಯವರೇ ತೆಗೆದ ವಿಡಿಯೊಗಳು. ಅವು ನನ್ನ ಕಂಪ್ಯೂಟರಿನಲ್ಲೇ ಇವೆ. ಕಂಪ್ಯೂಟರಿಗೆ ಬೇಕಾದಷ್ಟು ತ್ರಾಣ ಇದೆ. ಕಷ್ಟದ ಕೆಲಸವೆಲ್ಲ ಅದು ಮಾಡಲಿ, 3ಡಿಎಸ್ ಸುಮ್ನೆ ಬಂದದ್ದನ್ನು ತೋರಿಸಲಿ. ಅದಕ್ಕೆ ಬೇಕಾದ ಚಿಕ್ಕ ಪ್ರೋಗ್ರಾಮ್ ನಾನೇ ಬರೆದರೆ ಆಯಿತು.

ಲೆಕ್ಕ ಹಾಕಿದೆ

ಬರೆಯುವ ಸಲಕರಣೆ ಡೆವ್‌ಕಿಟ್‌ಆರ್ಮ್ ಮತ್ತು ಲಿಬ್‌ಸಿಟಿಆರ್‌ಯು. ಹೋಮ್‌ಬ್ರೂ ಲಾಂಚರ್‌ನಲ್ಲಿ ವೈ ಗುಂಡಿ ಒತ್ತಿದರೆ ಪ್ರೋಗ್ರಾಮನ್ನು ವೈ-ಫೈ ಮೂಲಕವೇ ಕಳಿಸಿ ಓಡಿಸಬಹುದು. ಪ್ರತಿ ಸಲ ಕಾರ್ಡ್ ಕೀಳುವ ಕಷ್ಟ ಇಲ್ಲ. ಈ ಒಂದು ಸೌಕರ್ಯ ಇಲ್ಲದಿದ್ದರೆ ಎರಡನೇ ದಿನಕ್ಕೇ ಕೈಬಿಡುತ್ತಿದ್ದೆ.

ಚಿತ್ರಗಳನ್ನು ಹಾಗೇ ಹಸಿಯಾಗಿ ಕಳಿಸಿದರೆ ಹೇಗೆ? 400×240 ಪಿಕ್ಸೆಲ್, ಪಿಕ್ಸೆಲ್‌ಗೆ 2 ಬೈಟ್, ಅಂದ್ರೆ ಒಂದು ಚಿತ್ರಕ್ಕೆ 1,92,000 ಬೈಟ್. ಸೆಕೆಂಡಿಗೆ 20 ಚಿತ್ರವಾದರೆ 38 ಲಕ್ಷ ಬೈಟ್ ದಾಟುತ್ತದೆ, ಸುಮಾರು 31 ಮೆಗಾಬಿಟ್. ವೈ-ಫೈ ಜಿ ಕಾಗದದ ಮೇಲೆ 54 ಮೆಗಾಬಿಟ್, ಈ ಯಂತ್ರದ ಕೈಯಲ್ಲಿ ಅದರ ಹತ್ತಿರಕ್ಕೂ ಹೋಗುವುದಿಲ್ಲ. ಎಚ್.264 ಕಳಿಸಿದರೆ ಬಿಡಿಸಲು ಶಕ್ತಿ ಇಲ್ಲ. ನಡುವಿನ ದಾರಿ ಜೆಪೆಗ್. ಪ್ರತಿ ಚಿತ್ರವೂ ಬೇರೆ ಬೇರೆ ಜೆಪೆಗ್ ಆಗಿ ಬರುತ್ತದೆ, ತಲಾ ಸುಮಾರು 9 ಕಿಲೊಬೈಟ್. 20 ಚಿತ್ರಕ್ಕೆ 180 ಕಿಲೊಬೈಟ್. ಇದಾದರೆ ನಡೆಯುತ್ತದೆ.

20 ಯಾಕೆ, 24 ಯಾಕಲ್ಲ? ತೆರೆ ಸೆಕೆಂಡಿಗೆ ಸುಮಾರು 60 ಸಲ ಹೊಸದಾಗುತ್ತದೆ. 20 ಚಿತ್ರವಾದರೆ ಒಂದೊಂದೂ ಸರಿಯಾಗಿ ಮೂರು ಸುತ್ತು ನಿಲ್ಲುತ್ತದೆ. 24 ಹಾಕಿದರೆ ಒಂದು ಎರಡು ಸುತ್ತು, ಮತ್ತೊಂದು ಮೂರು ಸುತ್ತು. ಕ್ಯಾಮೆರಾ ಪಕ್ಕಕ್ಕೆ ಸರಿಯುವಾಗ ಆ ಕುಂಟು ನಡಿಗೆ ಕಣ್ಣಿಗೆ ಹೊಡೆಯುತ್ತದೆ. ಎರಡನ್ನೂ ಓಡಿಸಿ ನೋಡಿದೆ. 20 ಇದ್ದದ್ದೇ ನಯವಾಗಿ ಕಂಡಿತು.

ಕಂಪ್ಯೂಟರ್ ಕಡೆ ಎಫ್‌ಎಫ್‌ಎಂಪೆಗ್ ವಿಡಿಯೊವನ್ನು ಕುಗ್ಗಿಸಿ ಜೆಪೆಗ್ ಸಾಲಾಗಿ ಉಗುಳುತ್ತದೆ. ಒಂದು ಪೈಥಾನ್ ಸ್ಕ್ರಿಪ್ಟ್ ಅದನ್ನು ಹಿಡಿದು, ಪ್ರತಿ ಚಿತ್ರದ ಮುಂದೆ ಅದರ ಉದ್ದ ಬರೆದು, ಸಾಕೆಟ್‌ಗೆ (ನೆಟ್‌ವರ್ಕ್ ಸಂಪರ್ಕಕ್ಕೆ) ತಳ್ಳುತ್ತದೆ. ಈ ಭಾಗ ಒಂದು ಗಂಟೆಯಲ್ಲಿ ಮುಗಿಯಿತು.

ಮೊದಲ ಚಿತ್ರ ಅಡ್ಡ ಬಿತ್ತು

ಯಂತ್ರದ ಕಡೆ ಮೊದಲ ಸಲ ಓಡಿಸಿದಾಗ ಚಿತ್ರ ಬಂತು, ಆದರೆ ಪಕ್ಕಕ್ಕೆ ಬಿದ್ದುಕೊಂಡು, ಮೂರು ತುಂಡಾಗಿ. 3ಡಿಎಸ್‌ನ ತೆರೆ ಒಳಗೆ ತಿರುಗಿಸಿ ಕೂರಿಸಿದ ತೆರೆ. ನಮ್ಮ ಕಣ್ಣಿಗೆ 400 ಅಗಲ, 240 ಎತ್ತರ. ಮೆಮೊರಿಯಲ್ಲಿ 240 ಅಗಲ, 400 ಎತ್ತರ. ಎಡಗಡೆಯ ಕಂಬ ಮೊದಲು, ಅದೂ ಕೆಳಗಿನಿಂದ ಮೇಲಕ್ಕೆ.

ಒಂದೊಂದು ಪಿಕ್ಸೆಲ್ ಎತ್ತಿ ಸರಿಯಾದ ಜಾಗಕ್ಕೆ ಇಡುವ ಕೋಡ್ ಬರೆದೆ. ಚಿತ್ರ ನೆಟ್ಟಗಾಯಿತು, ವೇಗ ಸತ್ತುಹೋಯಿತು. ಮೆಮೊರಿಯಲ್ಲಿ ಹೀಗೆ ಅಡ್ಡಾದಿಡ್ಡಿ ಜಿಗಿಯುವುದು ಈ ಪ್ರೊಸೆಸರ್‌ಗೆ ಆಗಿಬರುವುದಿಲ್ಲ. ಎರಡು ದಿನ ಅದನ್ನೇ ಚುರುಕು ಮಾಡಲು ಗುದ್ದಾಡಿದೆ. ಮೂರನೇ ದಿನ ಹಲ್ಲುಜ್ಜುವಾಗ ಹೊಳೆಯಿತು: ಕಷ್ಟದ ಕೆಲಸ ಕಂಪ್ಯೂಟರಿಗೆ ಅಂತ ಹೇಳಿದವನು ನಾನೇ ಅಲ್ವಾ? ಎಫ್‌ಎಫ್‌ಎಂಪೆಗ್‌ಗೆ ಚಿತ್ರವನ್ನು 90 ಡಿಗ್ರಿ ಬಲಕ್ಕೆ ತಿರುಗಿಸಿ ಕಳಿಸು ಅಂದೆ. ಒಂದು ಪದದ ಬದಲಾವಣೆ. ಈಗ ದಾರಿಯಲ್ಲಿ ಬರುವ ಚಿತ್ರವೇ ಅಡ್ಡ ಬಿದ್ದಿರುತ್ತದೆ, ತೆರೆ ಅದನ್ನು ನೆಟ್ಟಗೆ ತೋರಿಸುತ್ತದೆ.

ಆದರೂ ಒಂದು ಚಿತ್ರ ಬಿಡಿಸಲು 58 ಮಿಲಿಸೆಕೆಂಡ್ ಹಿಡಿಯುತ್ತಿತ್ತು. ಸೆಕೆಂಡಿಗೆ 20 ಚಿತ್ರ ಬೇಕಾದರೆ 50ರೊಳಗೆ ಮುಗಿಯಬೇಕು. ಲಿಬ್‌ಜೆಪೆಗ್‌ಟರ್ಬೊ ಅನ್ನುವ ಲೈಬ್ರರಿಯಲ್ಲಿ ಆರ್ಮ್‌ಗೆ ಇರುವ ವೇಗವಾದ ದಾರಿಗಳೆಲ್ಲ ನಿಯಾನ್ ಸೂಚನೆಗಳನ್ನು (ಹಲವು ಸಂಖ್ಯೆಗಳನ್ನು ಒಟ್ಟಿಗೆ ಲೆಕ್ಕ ಹಾಕುವಂಥವು) ನಂಬಿವೆ, ಆರ್ಮ್11ರಲ್ಲಿ ನಿಯಾನ್ ಇಲ್ಲ. ಹಾಗಾಗಿ ಎಲ್ಲಿ ಸಮಯ ಹೋಗುತ್ತಿದೆ ಅಂತ ಅಳೆದೆ. ಬಣ್ಣದ ಪರಿವರ್ತನೆಯೇ ದೊಡ್ಡ ಪಾಲು ತಿನ್ನುತ್ತಿತ್ತು. ಜೆಪೆಗ್ ಒಳಗೆ ಬೆಳಕು ಬೇರೆ, ಬಣ್ಣ ಬೇರೆ ಇರುತ್ತವೆ. ತೆರೆಗೆ ಕೆಂಪು, ಹಸಿರು, ನೀಲಿ ಬೇಕು.

ಇಲ್ಲಿ 3ಡಿಎಸ್ ನನ್ನನ್ನು ಅಚ್ಚರಿಗೊಳಿಸಿತು. ಈ ಪರಿವರ್ತನೆಗೆಂದೇ ಅದರಲ್ಲಿ ವೈ2ಆರ್ ಅನ್ನುವ ಚಿಕ್ಕ ಯಂತ್ರಾಂಶ ಇದೆ! ಹಳೆಯ ಮಾದರಿಯಲ್ಲೂ ಇದೆ. ಲೈಬ್ರರಿಗೆ ಬಣ್ಣ ಬದಲಿಸಬೇಡ, ಹಸಿ ಪದರಗಳನ್ನೇ ಕೊಡು ಅಂದೆ. ಆ ಪದರಗಳನ್ನು ವೈ2ಆರ್‌ಗೆ ಕೊಟ್ಟೆ. ಬಣ್ಣದ ಪದರ ಅರ್ಧ ಅಳತೆಯಲ್ಲಿದ್ದಾಗ ಜೆಪೆಗ್ ಚಿತ್ರವನ್ನು 16×16ರ ಚೌಕಗಳಲ್ಲಿ ಬಿಡಿಸುತ್ತದೆ. 240 ಅಂದ್ರೆ ಹದಿನೈದು ಹದಿನಾರಲೆ, 400 ಅಂದ್ರೆ ಇಪ್ಪತ್ತೈದು ಹದಿನಾರಲೆ. ಅಂಚಿನಲ್ಲಿ ಒಂದು ಪಿಕ್ಸೆಲ್ಲೂ ಮಿಗುವುದಿಲ್ಲ. ಇಷ್ಟು ಸರಿಯಾಗಿ ಕೂತದ್ದು ನೋಡಿ ಒಬ್ಬನೇ ನಕ್ಕೆ. ಸಮಯ 37 ಮಿಲಿಸೆಕೆಂಡ್‌ಗೆ ಇಳಿಯಿತು.

ನಕ್ಕದ್ದು ಜಾಸ್ತಿ ಹೊತ್ತು ಉಳಿಯಲಿಲ್ಲ. ಚಿತ್ರದ ಮೇಲೆಲ್ಲ ನಿಂತ ಗೆರೆಗಳು, ಮಳೆ ಹನಿದ ಹಾಗೆ. ಒಂದೊಂದು ಸಲ ಒಂದೊಂದು ಕಡೆ. ವೈ-ಫೈನಲ್ಲಿ ಏನೋ ಕಳೆದುಹೋಗುತ್ತಿದೆ ಅಂದುಕೊಂಡು ನಾಲ್ಕು ದಿನ ನೆಟ್‌ವರ್ಕ್ ಕೋಡ್ ಕೆದಕಿದೆ. ಮೊದಲೇ ಹೇಳಿದ ಕಳೆದುಹೋದ ವಾರದ ದೊಡ್ಡ ಪಾಲು ಇದೇ. ಜೆಪೆಗ್ ಹಾಳಾದರೆ ಚೌಕಚೌಕವಾಗಿ ಹಾಳಾಗುತ್ತದೆ, ಸಣ್ಣ ಗೆರೆಯಾಗಿ ಅಲ್ಲ. ಅಷ್ಟೂ ಹೊಳೆಯಲಿಲ್ಲ ನನಗೆ.

ಕೊನೆಗೆ ಒಂದು ಚಿತ್ರವನ್ನು ನಿಲ್ಲಿಸಿ, ಗೆರೆಯ ಉದ್ದ ಎಣಿಸಿದೆ. 32 ಪಿಕ್ಸೆಲ್. ಇನ್ನೊಂದು ಗೆರೆ, ಅದೂ 32. ಪ್ರೊಸೆಸರ್ ತನ್ನೊಳಗೇ ಇಟ್ಟುಕೊಳ್ಳುವ ಚಿಕ್ಕ, ವೇಗದ ಮೆಮೊರಿಗೆ ಕ್ಯಾಶ್ ಅನ್ನುತ್ತಾರೆ. ಈ ಪ್ರೊಸೆಸರ್‌ನ ಕ್ಯಾಶ್ ಸಾಲು 32 ಬೈಟ್. ಬೆಳಕಿನ ಪದರದಲ್ಲಿ ಪಿಕ್ಸೆಲ್‌ಗೆ ಒಂದು ಬೈಟ್. ಸಿಕ್ಕಿತು ಕಳ್ಳ! ಪ್ರೊಸೆಸರ್ ಬಿಡಿಸಿದ ಚಿತ್ರದ ಕೆಲವು ತುಣುಕು ಇನ್ನೂ ಅದರ ಕ್ಯಾಶ್‌ನಲ್ಲೇ ಕೂತಿರುತ್ತಿತ್ತು, ಮೆಮೊರಿಗೆ ಇಳಿದಿರಲಿಲ್ಲ. ವೈ2ಆರ್ ನೇರ ಮೆಮೊರಿಯಿಂದ ಓದುವುದರಿಂದ ಆ ಜಾಗದಲ್ಲಿ ಹಿಂದಿನ ಚಿತ್ರದ ಚೂರು ಸಿಗುತ್ತಿತ್ತು. ಚಿತ್ರ ಮೆಮೊರಿಯಲ್ಲಿ ಅಡ್ಡ ಬಿದ್ದಿದ್ದರಿಂದ ಮಲಗಿದ ಗೆರೆ ತೆರೆಯ ಮೇಲೆ ನಿಂತ ಗೆರೆಯಾಗಿ ಕಾಣುತ್ತಿತ್ತು. ವೈ2ಆರ್ ಶುರು ಮಾಡುವ ಮುಂಚೆ ಕ್ಯಾಶ್ ಖಾಲಿ ಮಾಡುವ ಒಂದು ಸಾಲು ಸೇರಿಸಿದೆ. ಮಳೆ ನಿಂತಿತು.

ಸದ್ದು

ಚಿತ್ರಕ್ಕೆ ಹೋಲಿಸಿದರೆ ಸದ್ದು ಸುಲಭ. 16 ಬಿಟ್, ಒಂದೇ ಚಾನೆಲ್, ಸೆಕೆಂಡಿಗೆ 32,000 ಮಾದರಿ (ಸ್ಯಾಂಪಲ್). ಏನೂ ಅದುಮದೆ ಹಾಗೇ ಕಳಿಸಿದರೂ 64 ಕಿಲೊಬೈಟ್ ಅಷ್ಟೇ. ಚಿತ್ರ, ಸದ್ದು ಎರಡೂ ಸೇರಿ ಸುಮಾರು 2 ಮೆಗಾಬಿಟ್.

ಆದರೆ ಸದ್ದೇ ಬರಲಿಲ್ಲ. ಹೋಮ್‌ಬ್ರೂ ಪ್ರೋಗ್ರಾಮ್‌ಗಳು ಸದ್ದಿನ ಚಿಪ್ ಬಳಸಬೇಕಾದರೆ ಅದರ ಫರ್ಮ್‌ವೇರ್‌ನ ನಕಲು ಕಾರ್ಡಿನಲ್ಲಿ ಇರಬೇಕು. ಅದನ್ನು ಹಂಚುವ ಹಾಗಿಲ್ಲ, ನಮ್ಮ ಯಂತ್ರದಿಂದ ನಾವೇ ತೆಗೆಯಬೇಕು. ಎಲ್, ಕೆಳಬಾಣ, ಸೆಲೆಕ್ಟ್ ಮೂರನ್ನೂ ಒಟ್ಟಿಗೆ ಒತ್ತಿದರೆ ಲುಮಾದ ರೊಸಲಿನಾ ಮೆನು ತೆರೆಯುತ್ತದೆ. ಇತರ ಆಯ್ಕೆಗಳಲ್ಲಿ ಡಿಎಸ್‌ಪಿ (ಅದೇ ಸದ್ದಿನ ಚಿಪ್) ಫರ್ಮ್‌ವೇರ್ ನಕಲು ತೆಗೆಯುವ ಸಾಲಿದೆ. ಒತ್ತಿದೆ, ಸದ್ದು ಬಂತು.

ಚಿತ್ರ ಮತ್ತು ಸದ್ದು ಜೊತೆಯಾಗಿ ಹೋಗಲು ಸದ್ದನ್ನೇ ಗಡಿಯಾರ ಮಾಡಿಕೊಂಡೆ. ಎಷ್ಟು ಮಾದರಿ ನುಡಿಸಿ ಆಯಿತು ನೋಡಿ, ಚಿತ್ರ ಹಿಂದೆ ಬಿದ್ದಿದ್ದರೆ ಒಂದನ್ನು ಬಿಡಿಸದೆ ಬಿಟ್ಟುಬಿಡುತ್ತದೆ. ಒಂದು ಚಿತ್ರ ತಪ್ಪಿದ್ದು ಯಾರಿಗೂ ಗೊತ್ತಾಗುವುದಿಲ್ಲ. ಸದ್ದು ಕಡಿದರೆ ತಕ್ಷಣ ಗೊತ್ತಾಗುತ್ತದೆ. ನೆಟ್‌ವರ್ಕ್ ಓದುವ ಕೆಲಸವನ್ನು ಸಿಸ್ಟಮ್‌ನ ಕೋರ್‌ಗೆ ದಾಟಿಸಿದೆ. ಅದಕ್ಕೆ ಮೊದಲು ಆ ಕೋರ್‌ನ ಸಮಯದಲ್ಲಿ ನಮಗೆ ಪಾಲು ಕೇಳಬೇಕು. 30 ಶೇಕಡ ಕೇಳಿದೆ, ಸಾಕಾಯಿತು. ಮುಚ್ಚಳ ಮುಚ್ಚಿದರೆ ಯಂತ್ರ ನಿದ್ದೆಗೆ ಜಾರಿ ವೈ-ಫೈ ಕಡಿಯುತ್ತಿತ್ತು. ನಿದ್ದೆ ಬೇಡ ಅನ್ನುವ ಒಂದು ಸಾಲು ಹಾಕಿದೆ. ಈಗ ಮುಚ್ಚಿಟ್ಟು ಹಾಡು ಮಾತ್ರ ಕೇಳಬಹುದು.

ಬೆಳಕು ತಗ್ಗಿಸಿ, 3ಡಿ ಆಫ್ ಮಾಡಿ ಇಟ್ಟರೆ ಬ್ಯಾಟರಿ ಹತ್ತಿರ ಹತ್ತಿರ ಮೂರು ಗಂಟೆ ತಾಳುತ್ತದೆ. ಇದು ಹಳೆಯ 1750 ಎಂಎಎಚ್ ಬ್ಯಾಟರಿ, ಬದಲಿಸಿಲ್ಲ.

ಕೆಳಗಿನ ತೆರೆಯಲ್ಲಿ ಕನ್ನಡ

ಕೆಳಗಿನ ತೆರೆ ಖಾಲಿ ಇತ್ತು. ಅಲ್ಲಿ ವಿಡಿಯೊಗಳ ಪಟ್ಟಿ ಹಾಕಿದೆ. ಫೈಲ್‌ಗಳ ಹೆಸರೆಲ್ಲ ಕನ್ನಡದಲ್ಲಿವೆ. ಯಂತ್ರದ ಫಾಂಟ್‌ನಲ್ಲಿ ಕನ್ನಡ ಇಲ್ಲ. ಬೇರೆ ಫಾಂಟ್ ತುಂಬಿದೆ. ಅಕ್ಷರ ಬಂದವು, ಆದರೆ ಒತ್ತಕ್ಷರಗಳೆಲ್ಲ ಕೆಳಗಿಳಿಯದೆ ಪಕ್ಕದಲ್ಲಿ ಸಾಲಾಗಿ ನಿಂತವು. 'ಅಜ್ಜಿ' ಅನ್ನುವುದು 'ಅಜ್‌ಜಿ' ಆಯಿತು. ಅಕ್ಷರಗಳನ್ನು ಕೂಡಿಸುವ ಬುದ್ಧಿ ಈ ಲೈಬ್ರರಿಗೆ ಇಲ್ಲ, ಒಂದಾದ ಮೇಲೆ ಒಂದು ಇಡುತ್ತದೆ ಅಷ್ಟೇ.

ಈ ಸಲ ಎರಡು ದಿನ ಗುದ್ದಾಡಲಿಲ್ಲ. ಕಂಪ್ಯೂಟರಿನಲ್ಲಿ ಅಕ್ಷರಗಳನ್ನು ಸರಿಯಾಗಿ ಕೂಡಿಸಿ ಬರೆಯುವ ಪ್ಯಾಂಗೊ ಬಳಸಿ ಪಟ್ಟಿಯನ್ನೇ ಒಂದು ಚಿತ್ರವಾಗಿ ಬರೆಸಿದೆ. 320×240, 90 ಡಿಗ್ರಿ ಬಲಕ್ಕೆ ತಿರುಗಿಸಿ, ಜೆಪೆಗ್ ಮಾಡಿ, ಅದೇ ಸಾಕೆಟ್‌ನಲ್ಲಿ ಕಳಿಸಿದೆ. 3ಡಿಎಸ್‌ಗೆ ಅದು ಕನ್ನಡವೋ ಬೆಕ್ಕಿನ ಚಿತ್ರವೋ ಗೊತ್ತಿಲ್ಲ. ಬೆರಳು ಎಲ್ಲಿ ಮುಟ್ಟಿತು ಅನ್ನುವ ಎರಡು ಸಂಖ್ಯೆ ಮಾತ್ರ ವಾಪಸ್ ಕಳಿಸುತ್ತದೆ. ಯಾವ ವಿಡಿಯೊ ಅಂತ ಕಂಪ್ಯೂಟರ್ ನೋಡಿಕೊಳ್ಳುತ್ತದೆ.

ಹುಡುಗನ ಕೈಗೆ ಕೊಟ್ಟೆ. ಪಟ್ಟಿಯ ಮೇಲೆ ಬೆರಳಾಡಿಸಿ 'ಅಜ್ಜಿ ಮನೆ' ಒತ್ತಿದ. ಐದು ನಿಮಿಷ ನೋಡಿ, "ಚಿಕ್ಕಪ್ಪ, ಹಿಂದಕ್ಕೆ ಓಡಿಸೋಕೆ ಯಾವ ಗುಂಡಿ?" ಅಂದ.

ಅದನ್ನು ಇನ್ನೂ ಬರೆದಿಲ್ಲ.